ಕೆರೆ ತುಂಬಿದ್ದರೂ ತೂಬು ಕಿರಿದಾದರೆ: ಮನೆಯಲ್ಲಿ ಎಚ್‌ಡಿ ಟೀವಿ ನೋಡಲು ಬೇಕಾದ ಸಲಕರಣೆಗಳು

ಕಳೆದ ದೀಪಾವಳಿಗೆ ತೀರ್ಥಹಳ್ಳಿಯ ಸಮೀಪದ ನಮ್ಮ ಅಕ್ಕನ ಮನೆಗೆ 43 ಇಂಚಿನ ಹೊಸ ಟೀವಿ ಬಂತು. ಹಬ್ಬಕ್ಕೆಂದು ಹೋದ ನನ್ನನ್ನು ಭಾವ ಕೈಕಾಲು ತೊಳೆಯುವುದಕ್ಕೂ ಬಿಡದೆ ಅದರ ಮುಂದೆ ಕೂರಿಸಿ, “ನೋಡು ಮಾರಾಯ, ಇಷ್ಟು ದುಡ್ಡು ಸುರಿದು ತಂದದ್ದು. ಹಳೇ ಡಬ್ಬಿಯಲ್ಲೇ ಇದಕ್ಕಿಂತ ಚೆನ್ನಾಗಿ ಕಾಣುತ್ತಿತ್ತು” ಎಂದರು. ಆಗ ಯಾವುದೋ ವಾಹಿನಿಯಲ್ಲಿ ಯಕ್ಷಗಾನ ಬರುತ್ತಿತ್ತು. ವೇಷಧಾರಿಯ ಕಿರೀಟದ ಕುಸುರಿಯೆಲ್ಲ ಹಳದಿಯ ಒಂದು ಮುದ್ದೆಯಾಗಿ ಕಾಣುತ್ತಿತ್ತು. ಮುಖದ ಮೇಲಿನ ಬಿಳಿಯ ಚುಟ್ಟಿ ಕೆನ್ನೆಯ ಬಣ್ಣದೊಳಗೆ ಕಲಸಿಹೋಗಿತ್ತು. ಭಾವನವರ ಮಾತಿನಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಅವರ ಮನೆಯಲ್ಲಿ ಎಚ್‌ಡಿ (ಹೈ ಡೆಫಿನಿಷನ್, ಎಂದರೆ ಹೆಚ್ಚು ವಿವರದ ಚಿತ್ರ ತೋರಿಸುವ) ಟೀವಿ ಇತ್ತು, ಎಚ್‌ಡಿ ಸೆಟ್ ಟಾಪ್ ಬಾಕ್ಸ್ ಇತ್ತು, ತಿಂಗಳು ತಿಂಗಳು ಎಚ್‌ಡಿ ವಾಹಿನಿಗಳಿಗೆ ಹಣವೂ ಸಂದಾಯವಾಗುತ್ತಿತ್ತು. ಎಚ್‌ಡಿ ಚಿತ್ರ ಮಾತ್ರ ಇರಲಿಲ್ಲ. ಈ ಸಂಜೆ ನಾನು ಹೇಳಬೇಕೆಂದಿರುವುದು ಬಹುಮಟ್ಟಿಗೆ ಅಂದು ಆ ಮನೆಯ ಮಾಡಿನಿಂದ ಪಡಸಾಲೆಯವರೆಗೆ ನಾನು ನಡೆಸಿದ ತಪಾಸಣೆಯ ಕಥೆ.

ಮೊದಲು ಲೆಕ್ಕ ನೋಡೋಣ. ನಾವು ದಶಕಗಳ ಕಾಲ ನೋಡಿದ ಸಾಮಾನ್ಯ ಟೀವಿ ಚಿತ್ರ 576 ಗೆರೆಗಳದ್ದು. ಡಿಜಿಟಲ್ ಲೆಕ್ಕದಲ್ಲಿ ಹೇಳುವುದಾದರೆ ಅಡ್ಡಕ್ಕೆ 720, ಉದ್ದಕ್ಕೆ 576 ಬಿಂದುಗಳು, ಒಟ್ಟು ನಾಲ್ಕು ಲಕ್ಷ ಚಿಲ್ಲರೆ. ಎಚ್‌ಡಿಯ ಪೂರ್ಣರೂಪದಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಬಿಂದುಗಳಿರುತ್ತವೆ; ಎಂದರೆ ಇಪ್ಪತ್ತು ಲಕ್ಷಕ್ಕೂ ಮೀರಿದ, ಐದು ಪಟ್ಟು ವಿವರ. ಭಾವನವರ ಹಳೆಯ ಟೀವಿ 21 ಇಂಚಿನದು. ಅದರ ತೆರೆಗೆ ಹೋಲಿಸಿದರೆ 43 ಇಂಚಿನ ತೆರೆಯ ವಿಸ್ತೀರ್ಣ ಮೂರೂವರೆ ಪಟ್ಟಿಗಿಂತಲೂ ಹೆಚ್ಚು. ಒಂದೇ ಸೌಟು ಹಿಟ್ಟನ್ನು ದೊಡ್ಡ ಕಾವಲಿಯ ತುಂಬ ಎಳೆದರೆ ದೋಸೆ ತೂತು ಬೀಳುವಂತೆ, ಆ ನಾಲ್ಕು ಲಕ್ಷ ಬಿಂದುಗಳನ್ನೇ ದೊಡ್ಡ ತೆರೆಯ ಮೇಲೆ ಹರಡಿದಾಗ ಚಿತ್ರ ತೆಳುವಾಗುತ್ತದೆ. ಇಲ್ಲದ ಬಿಂದುಗಳನ್ನು ಟೀವಿಯೇ ಅಕ್ಕಪಕ್ಕದ ಬಿಂದುಗಳನ್ನು ನೋಡಿ ಊಹಿಸಿ ತುಂಬುವುದರಿಂದ ಅಂಚುಗಳೆಲ್ಲ ಮಸುಕಾಗುತ್ತವೆ. ಹಳೆಯ ಟೀವಿಯಲ್ಲೇ ಚೆನ್ನಾಗಿತ್ತು ಎಂಬ ದೂರಿಗೆ ಕಾರಣ ಇದು.

ಎಚ್‌ಡಿ ಎಂಬುದು ಅಂಗಡಿಯಿಂದ ತಂದು ಗೋಡೆಗೆ ತೂಗುಹಾಕುವ ಒಂದು ವಸ್ತುವಲ್ಲ. ಕೆರೆಯ ನೀರು ಗದ್ದೆಗೆ ಬರಬೇಕಾದರೆ ತೂಬು, ಕಾಲುವೆ, ಹೊಲದ ಬದುವಿನ ಕಂಡಿ, ಇವೆಲ್ಲವೂ ಅಷ್ಟು ನೀರನ್ನು ಬಿಡುವಷ್ಟು ಅಗಲವಿರಬೇಕು. ನಡುವೆ ಒಂದು ಕಡೆ ಇಕ್ಕಟ್ಟಾದರೆ ಅದರಾಚೆಗೆ ಹರಿಯುವುದು ಆ ಇಕ್ಕಟ್ಟಿನ ಅಳತೆಯ ನೀರೇ. ಟೀವಿಯನ್ನೇ ಬದಲಿಸುತ್ತ ಹೋಗುವವರು ಗದ್ದೆಯನ್ನು ಅಗಲ ಮಾಡುತ್ತಾರೆ, ತೂಬನ್ನು ನೋಡುವುದಿಲ್ಲ.

ಕೆರೆಯ, ಎಂದರೆ ಪ್ರಸಾರದ, ವಿಚಾರವನ್ನು ಬೇಗ ಮುಗಿಸುತ್ತೇನೆ. ನಮ್ಮ ದೇಶಕ್ಕೆ ಬಣ್ಣದ ಪ್ರಸಾರ ಬಂದದ್ದು 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ವರ್ಷ. ದೂರದರ್ಶನವು ಎಚ್‌ಡಿ ಪ್ರಸಾರ ಆರಂಭಿಸಿದ್ದು 2010ರಲ್ಲಿ, ಅದೇ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ. ದೊಡ್ಡ ಬದಲಾವಣೆಗಳು ನಮ್ಮಲ್ಲಿ ಆಟದ ಮೈದಾನದ ಮೂಲಕವೇ ಬಂದಿವೆ ಎನ್ನುವುದು ಕುತೂಹಲದ ಸಂಗತಿ. ಓಡುವ ಚೆಂಡು ಕಾಣಬೇಕೆಂಬ ಹಂಬಲ ಧಾರಾವಾಹಿಗಿಂತ ಬಲವಾದದ್ದಿರಬೇಕು. ಇಂದು ಕನ್ನಡದ ಹಲವು ಪ್ರಮುಖ ಮನರಂಜನಾ ವಾಹಿನಿಗಳಿಗೆ ಎಚ್‌ಡಿ ರೂಪವಿದೆ. ಆದರೆ ಗಮನಿಸಿ: ಹಳೆಯ ರೂಪ ನಿಂತಿಲ್ಲ, ಎರಡೂ ಬೇರೆ ಬೇರೆ ವಾಹಿನಿಗಳಾಗಿ, ಬೇರೆ ಬೇರೆ ಸಂಖ್ಯೆಗಳಲ್ಲಿ ಬರುತ್ತವೆ. ಎಚ್‌ಡಿಗೆ ಹೆಚ್ಚು ಜಾಗ ಬೇಕಾದ್ದರಿಂದಲೇ, 2019ರಲ್ಲಿ ಜಾರಿಗೆ ಬಂದ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ದರ ವ್ಯವಸ್ಥೆಯಲ್ಲಿ ಒಂದು ಎಚ್‌ಡಿ ವಾಹಿನಿಯನ್ನು ಎರಡು ಸಾಮಾನ್ಯ ವಾಹಿನಿಗಳಿಗೆ ಸಮವೆಂದು ಎಣಿಸಲಾಯಿತು. ದೂರದರ್ಶನದ ಉಚಿತ ಡಿಶ್‌ನಲ್ಲಿ ಬರುವ ವಾಹಿನಿಗಳ ಪೈಕಿ ಹೆಚ್ಚಿನವು ಸಾಮಾನ್ಯ ರೂಪದವೇ. ಅದನ್ನು ಮಾತ್ರ ನೋಡುವ ಮನೆಗೆ ದೊಡ್ಡ ಟೀವಿಯಿಂದ ಆಗುವ ಲಾಭ ಅಲ್ಪ.

ಇನ್ನು ಮಾಡಿನ ಮೇಲೆ ಹತ್ತೋಣ. ನಮ್ಮ ಕಡೆ ಜನ ಛತ್ರಿ ಎಂದೇ ಕರೆಯುವ ಡಿಶ್ ಸಮಭಾಜಕ ವೃತ್ತದ ಮೇಲೆ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿ ನಿಂತಂತೆ ತೋರುವ ಉಪಗ್ರಹವನ್ನು ನೋಡುತ್ತಿರಬೇಕು. ಕರ್ನಾಟಕ ಸಮಭಾಜಕಕ್ಕೆ ಉತ್ತರದಲ್ಲಿದೆ, ವಾಹಿನಿಗಳನ್ನು ನೇರವಾಗಿ ಮನೆಯ ಡಿಶ್‌ಗೇ ಕಳುಹಿಸುವ ನಮ್ಮ ಡಿಟಿಎಚ್ ಸೇವೆಗಳ ಉಪಗ್ರಹಗಳು ನಮಗಿಂತ ಪೂರ್ವದ ರೇಖಾಂಶಗಳಲ್ಲಿವೆ. ಆದ್ದರಿಂದ ಇಲ್ಲಿಯ ಛತ್ರಿಗಳೆಲ್ಲ ದಕ್ಷಿಣಕ್ಕೂ ಪೂರ್ವಕ್ಕೂ ನಡುವೆ ಮುಖ ಮಾಡಿರುತ್ತವೆ. ಟಾಟಾ ಪ್ಲೇ ಬಳಸುವ 83 ಡಿಗ್ರಿ ಪೂರ್ವದ ತಾಣಕ್ಕೆ ಮುಖ ಮಾಡಿದ ಡಿಶ್ ಹೆಚ್ಚುಕಡಿಮೆ ದಕ್ಷಿಣಕ್ಕೆ ನೋಡುತ್ತದೆ. ಏರ್‌ಟೆಲ್ ಬಳಸುವ 108.2 ಡಿಗ್ರಿಯ ತಾಣಕ್ಕಾದರೆ ಬಹುತೇಕ ಪೂರ್ವಕ್ಕೆ ತಿರುಗಬೇಕು. ಸೇವೆ ಬದಲಿಸಿದಾಗ ಡಿಶ್ಶನ್ನು ತಿರುಗಿಸಲೇಬೇಕಾಗುವುದು ಈ ಕಾರಣಕ್ಕೆ.

ಡಿಶ್ ನೋಡುತ್ತಿರುವಂತೆ ಕಾಣುವ ದಿಕ್ಕು ಬೇರೆ, ನಿಜವಾಗಿ ನೋಡುತ್ತಿರುವ ದಿಕ್ಕು ಬೇರೆ. 83 ಡಿಗ್ರಿಯ ಉಪಗ್ರಹ ನಮ್ಮ ಆಕಾಶದಲ್ಲಿ ಎಪ್ಪತ್ತು ಡಿಗ್ರಿಗೂ ಮೇಲೆ, ಸುಮಾರಾಗಿ ನೆತ್ತಿಯ ಹತ್ತಿರವೇ ಇದೆ; ಆದರೆ ಮನೆಗಳ ಮೇಲಿನ ಡಿಶ್ ಆ ಎತ್ತರಕ್ಕಿಂತ ಬಹಳ ಕೆಳಗೆ ಮುಖ ಮಾಡಿದಂತೆ ನಿಂತಿರುತ್ತದೆ. ಏಕೆಂದರೆ ಅದು ಪೂರ್ಣ ಬಟ್ಟಲಲ್ಲ, ದೊಡ್ಡ ಬಟ್ಟಲಿನ ಒಂದು ಪಕ್ಕದ ಚೂರು. ಮೇಲಿನಿಂದ ಬಂದ ಅಲೆ ಅದರ ಮೇಲೆ ಓರೆಯಾಗಿ ಬಿದ್ದು, ಕೆಳಗಿನ ಕೋಲಿನ ತುದಿಯಲ್ಲಿರುವ ಎಲ್‌ಎನ್‌ಬಿಗೆ ಸೇರುತ್ತದೆ. ಇದನ್ನು ತಿಳಿಯದೆ ಭಾವನವರು, “ಎದುರಿಗೆ ತೆಂಗಿನ ಮರ ಅಡ್ಡ ಬರುತ್ತಿದೆ, ಕಡಿಸಿಬಿಡಲೇ?” ಎಂದು ಕೇಳಿದ್ದರು. ಮರ ಉಳಿಯಿತು. ಪೂರ್ವದ ಕಡೆಯ ಉಪಗ್ರಹಗಳಿಗೂ ಸಹ, ಮರವು ಡಿಶ್‌ನ ಮಟ್ಟದಿಂದ ಎಷ್ಟು ಎತ್ತರವಿದೆಯೋ ಅಷ್ಟು ದೂರದಲ್ಲಿದ್ದರೆ ನಮ್ಮ ಸೀಮೆಯಲ್ಲಿ ಸಾಮಾನ್ಯವಾಗಿ ತೊಂದರೆಯಿಲ್ಲ.

ಎಲ್‌ಎನ್‌ಬಿ ಎಂಬ ಆ ಪುಟ್ಟ ಗುಂಡಿಗೆಯ ಕೆಲಸ ದೊಡ್ಡದು. ಉಪಗ್ರಹದಿಂದ ಬರುವುದು ಸೆಕೆಂಡಿಗೆ ಸಾವಿರ ಕೋಟಿಗೂ ಹೆಚ್ಚು ಬಾರಿ ಕಂಪಿಸುವ ಕೆಯು ಬ್ಯಾಂಡಿನ ಅಲೆ. ಅದನ್ನು ಹಾಗೆಯೇ ತಂತಿಗೆ ಬಿಟ್ಟರೆ ಮನೆಯೊಳಗೆ ತಲುಪುವುದರೊಳಗೆ ಇಂಗಿಹೋಗುತ್ತದೆ. ಆದ್ದರಿಂದ ಎಲ್‌ಎನ್‌ಬಿ ಅದನ್ನು ಬಲಪಡಿಸಿ, 950ರಿಂದ 2150 ಮೆಗಾಹರ್ಟ್ಸ್‌ನ ನಡುವಿನ ಕೆಳಮಟ್ಟಕ್ಕೆ ಇಳಿಸಿ ಕಳುಹಿಸುತ್ತದೆ. ಈ ಕೆಲಸಕ್ಕೆ ಬೇಕಾದ ವಿದ್ಯುತ್ತು ಅದೇ ತಂತಿಯಲ್ಲಿ ಬಾಕ್ಸ್‌ನಿಂದ ಮೇಲಕ್ಕೆ ಹೋಗುತ್ತದೆ: 13 ವೋಲ್ಟ್ ಅಥವಾ 18 ವೋಲ್ಟ್. ಈ ಎರಡು ವೋಲ್ಟೇಜುಗಳೇ ಎಲ್‌ಎನ್‌ಬಿಗೆ ಆಜ್ಞೆಯೂ ಹೌದು. ಒಂದಕ್ಕೆ ಅದು ಲಂಬವಾಗಿ ಕಂಪಿಸುವ ಅಲೆಗಳನ್ನು ಕೊಡುತ್ತದೆ, ಇನ್ನೊಂದಕ್ಕೆ ಅಡ್ಡಡ್ಡ ಕಂಪಿಸುವವನ್ನು. ಇದರಿಂದ ಎರಡು ಸಂಗತಿಗಳನ್ನು ನೀವು ನೆನಪಿಡಬೇಕು. ಬಾಕ್ಸ್‌ನ ಹಿಂದಿನ ತಂತಿಯ ತಿರುಪನ್ನು ಬಿಚ್ಚುವ ಮುನ್ನ ಬಾಕ್ಸ್‌ನ ಪ್ಲಗ್ ತೆಗೆಯಿರಿ, ಒಳಗಿನ ತಾಮ್ರದ ಎಳೆ ಹೊರಗಿನ ಲೋಹಕ್ಕೆ ತಗುಲಿದರೆ ಬಾಕ್ಸ್‌ಗೆ ಪೆಟ್ಟು ಬೀಳಬಹುದು. ಎರಡನೆಯದು, ಮಲಗುವ ಕೋಣೆಗೆ ಇನ್ನೊಂದು ಬಾಕ್ಸ್ ಇಟ್ಟಾಗ ಒಂದೇ ತಂತಿಯನ್ನು ಸ್ಪ್ಲಿಟರ್ ಹಾಕಿ ಕವಲೊಡೆಸಬೇಡಿ. ಒಂದು ಬಾಕ್ಸ್ 13 ವೋಲ್ಟ್ ಕಳುಹಿಸುವಾಗ ಇನ್ನೊಂದು 18 ಕಳುಹಿಸಿದರೆ ಎಲ್‌ಎನ್‌ಬಿ ಒಬ್ಬರ ಮಾತನ್ನಷ್ಟೇ ಕೇಳುತ್ತದೆ, ಇನ್ನೊಂದು ಕೋಣೆಯಲ್ಲಿ ಅರ್ಧ ವಾಹಿನಿಗಳು ಮಾಯವಾಗುತ್ತವೆ. ಎರಡು ಬಾಕ್ಸ್‌ಗಳಿಗೆ ಎರಡು ಬಾಯಿಯ ಎಲ್‌ಎನ್‌ಬಿ ಹಾಕಿಸಿ, ಎರಡು ತಂತಿಗಳನ್ನು ಇಳಿಸುವುದೇ ಸರಿಯಾದ ಮಾರ್ಗ.

ಮಳೆಯ ಪ್ರಶ್ನೆ ಇಲ್ಲಿಯೇ ಬರುತ್ತದೆ. ಈ ಅಲೆಯ ಉದ್ದ ಎರಡೂವರೆ ಸೆಂಟಿಮೀಟರಿನಷ್ಟು ಮಾತ್ರ. ದಪ್ಪ ಹನಿಗಳ ಮಳೆ ಅದನ್ನು ಹೀರಿ ಚೆದುರಿಸುತ್ತದೆ. ಹಿಂದೆ ಆಂಟೆನಾ ಕಾಲದಲ್ಲಿ ಸಿಗ್ನಲ್ ಕ್ಷೀಣಿಸಿದರೆ ತೆರೆಯ ಮೇಲೆ ಇರುವೆ ಹರಿದಂತಾಗುತ್ತಿತ್ತು, ಆದರೂ ಚಿತ್ರ ಕಾಣುತ್ತಿತ್ತು. ಡಿಜಿಟಲ್‌ನಲ್ಲಿ ಆ ಮಧ್ಯದ ಸ್ಥಿತಿಯಿಲ್ಲ. ಒಂದು ಮಟ್ಟದವರೆಗೆ ಚಿತ್ರ ಪರಿಪೂರ್ಣ; ಅದರಿಂದ ಕೊಂಚ ಕೆಳಗಿಳಿದರೆ ಚೌಕಚೌಕವಾಗಿ ಒಡೆದು ನಿಂತುಬಿಡುತ್ತದೆ. ಹಾಗಾಗಿ ಬಿಸಿಲಿನ ದಿನ ಚಿತ್ರ ಚೆನ್ನಾಗಿ ಬರುತ್ತಿದೆಯೆಂದು ಸುಮ್ಮನಿರಬಾರದು. ಬಾಕ್ಸ್‌ನ ಮೆನುವಿನಲ್ಲಿ ಸಿಗ್ನಲ್ ಬಲ ಮತ್ತು ಗುಣಮಟ್ಟ ಎಂಬ ಎರಡು ಪಟ್ಟಿಗಳಿರುತ್ತವೆ. ಗುಣಮಟ್ಟದ ಪಟ್ಟಿ ಬಿಸಿಲಲ್ಲೇ ಅರ್ಧಕ್ಕಿದ್ದರೆ ಆಷಾಢದಲ್ಲಿ ಅದು ಉಳಿಯುವುದಿಲ್ಲ. ಅಕ್ಕನ ಮನೆಯಲ್ಲಿ ಕುಸಿದದ್ದೂ ಅದೇ. ಮೇಲೆ ಹತ್ತಿ ನೋಡಿದರೆ ಎಲ್‌ಎನ್‌ಬಿಯ ತಿರುಪಿನ ಬಳಿ ಹಸಿರು ಕಿಲುಬು ಕಟ್ಟಿತ್ತು, ತಂತಿಯ ಒಳಗಿನ ಜಾಲರಿ ಕಪ್ಪಾಗಿತ್ತು. ಒಂದು ಗೇಣು ತಂತಿ ಕತ್ತರಿಸಿ, ಹೊಸ ತಿರುಪು ಹಾಕಿ, ನೀರಿಳಿಯದಂತೆ ಟೇಪು ಸುತ್ತಿ, ತಂತಿಯನ್ನು ಗೋಡೆಯೊಳಕ್ಕೆ ಬಿಡುವ ಮುನ್ನ ನೀರು ತೊಟ್ಟಿಕ್ಕಿ ಹೋಗಲೆಂದು ಒಂದು ಸುತ್ತು ಇಳಿಬಿಟ್ಟೆ. ಪಟ್ಟಿ ಏರಿತು. ಚಿತ್ರ ಮಾತ್ರ ಅದೇ ಮಸುಕು. ಅಲ್ಲಿಗೆ ತೂಬು ಮಾಡಿನ ಮೇಲಿಲ್ಲ ಎಂದು ಖಚಿತವಾಯಿತು.

ಕೇಬಲ್ ಸಂಪರ್ಕವಿರುವವರಿಗೆ ಛತ್ರಿಯ ಗೋಜಿಲ್ಲ. ಬೆಂಗಳೂರು ಮತ್ತು ಮೈಸೂರಿನ ಕೇಬಲ್ ಜಾಲಗಳು 2013ರ ಡಿಜಿಟಲೀಕರಣದ ಎರಡನೇ ಹಂತಕ್ಕೆ ಸೇರಿದ್ದವು, ಉಳಿದ ಊರುಗಳು ಅನಂತರ ಸೇರಿದವು. ಈಗ ಎಲ್ಲ ಕಡೆಯೂ ಬಾಕ್ಸ್ ಬೇಕೇ ಬೇಕು. ಡಿಟಿಎಚ್ ಆಗಲಿ ಕೇಬಲ್ ಆಗಲಿ, ಬಾಕ್ಸ್ ಎಚ್‌ಡಿಯದೇ ಆಗಿರಬೇಕು. ಹಳೆಯ ಬಾಕ್ಸ್‌ಗಳಲ್ಲಿ ಹಲವು ಚಿತ್ರವನ್ನು ಕಿರಿದಾಗಿಸಿ ಕಟ್ಟಿ ಕಳುಹಿಸುವ ಎಂಪೆಗ್-2 ಎಂಬ ಹಳೆಯ ವಿಧಾನದ ಕಟ್ಟನ್ನಷ್ಟೇ ಬಿಚ್ಚಬಲ್ಲವು. ಎಚ್‌ಡಿ ವಾಹಿನಿಗಳು ಬರುವುದು ಹೆಚ್ಚು ಬಿಗಿಯಾಗಿ ಕಟ್ಟುವ ಎಂಪೆಗ್-4ರಲ್ಲಿ. ಹಣ ಕಟ್ಟಿದ ಮಾತ್ರಕ್ಕೆ ಹಳೆಯ ಬಾಕ್ಸ್ ಹೊಸ ಕಟ್ಟನ್ನು ಬಿಚ್ಚುವುದಿಲ್ಲ.

ಈಗ ಈ ಮೇಜಿನ ಮೇಲೆ ನೋಡಿ. ಹಳದಿ, ಕೆಂಪು, ಬಿಳಿ ತಲೆಗಳ ಈ ತಂತಿ ನಿಮ್ಮೆಲ್ಲರ ಮನೆಯಲ್ಲೂ ಎಲ್ಲೋ ಒಂದು ಡ್ರಾಯರಿನಲ್ಲಿ ಇದ್ದೇ ಇರುತ್ತದೆ. ಬಿಳಿ ಕೆಂಪುಗಳು ಎಡ ಬಲದ ಧ್ವನಿಗೆ, ಹಳದಿ ಚಿತ್ರಕ್ಕೆ. ಚಿತ್ರದ ಬೆಳಕು, ಬಣ್ಣ ಎಲ್ಲವನ್ನೂ ಈ ಒಂದೇ ಹಳದಿ ತಲೆಯ ಮೂಲಕ ತುರುಕಿ ಕಳುಹಿಸುವ ಹಳೆಯ ಪದ್ಧತಿ ಇದು. 576 ಗೆರೆಗಳಿಗಿಂತ ಹೆಚ್ಚಿನದನ್ನು ಹೊರುವ ಶಕ್ತಿ ಇದಕ್ಕಿಲ್ಲ. ಬಾಕ್ಸ್ ಎಚ್‌ಡಿ ಚಿತ್ರವನ್ನು ಪೂರ್ಣವಾಗಿ ಪಡೆದು ಬಿಚ್ಚಿದ್ದರೂ, ಹಳದಿ ತಂತಿಗೆ ಬಿಡುವ ಮುನ್ನ ಅದನ್ನು ತಾನೇ ಕುಗ್ಗಿಸಿಬಿಡುತ್ತದೆ. ಟೀವಿಯನ್ನು ಗೋಡೆಯಿಂದ ಕೊಂಚ ಸರಿಸಿ ಕೈದೀಪ ಹಿಡಿದಾಗ ಅಕ್ಕನ ಮನೆಯಲ್ಲಿ ಕಂಡದ್ದು ಇದೇ ಹಳದಿ ತಲೆ. ಟೀವಿ ಕೂರಿಸಲು ಬಂದವರು ಹಳೆಯ ಟೀವಿಯ ತಂತಿಯನ್ನು ಕಿತ್ತು ಹೊಸದಕ್ಕೆ ಸಿಕ್ಕಿಸಿ ಹೋಗಿದ್ದರು. ಎಚ್‌ಡಿಎಂಐ ತಂತಿ ಬಾಕ್ಸ್‌ನ ರಟ್ಟಿನ ಪೆಟ್ಟಿಗೆಯಲ್ಲಿ, ಸುತ್ತಿದ ಪ್ಲಾಸ್ಟಿಕ್ಕೂ ಬಿಚ್ಚದೆ, ಅಟ್ಟದ ಮೇಲೆ ಭದ್ರವಾಗಿತ್ತು.

ಇಗೋ, ಇದು ಎಚ್‌ಡಿಎಂಐ. 2002ರ ಕೊನೆಯಲ್ಲಿ ರೂಪುಗೊಂಡ ಈ ಪದ್ಧತಿಯಲ್ಲಿ ಚಿತ್ರವೂ ಧ್ವನಿಯೂ ಅಂಕಿಗಳಾಗಿಯೇ, ಎಲ್ಲಿಯೂ ಕುಗ್ಗದೆ ಟೀವಿಗೆ ತಲುಪುತ್ತವೆ. ಇದರ ಬೆಲೆಯ ವಿಷಯದಲ್ಲಿ ಒಂದು ಮಾತು. ಚಿನ್ನದ ಲೇಪನವಿದೆ, ಬಣ್ಣ ಹೆಚ್ಚು ಬರುತ್ತದೆ ಎಂದು ಸಾವಿರಾರು ರೂಪಾಯಿಯ ತಂತಿ ತೋರಿಸುವ ಅಂಗಡಿಗಳಿವೆ. ಹೋಗುವುದು ಅಂಕಿಗಳಾದ್ದರಿಂದ ತಲುಪಿದರೆ ಪೂರ್ತಿ ತಲುಪುತ್ತದೆ, ಕೆಟ್ಟರೆ ತೆರೆಯ ಮೇಲೆ ಕಿಡಿ ಹಾರುತ್ತದೆ ಅಥವಾ ಚಿತ್ರವೇ ಬರುವುದಿಲ್ಲ. ಬಣ್ಣ ಸ್ವಲ್ಪ ಹೆಚ್ಚು, ಸ್ವಲ್ಪ ಕಡಿಮೆ ಎನ್ನುವುದು ತಂತಿಯ ಕೈಯಲ್ಲಿಲ್ಲ. ಬಾಕ್ಸ್‌ನಿಂದ ಟೀವಿಗೆ ಎರಡು ಮೀಟರಿನೊಳಗಿನ ದೂರವಾದರೆ ಬಾಕ್ಸ್ ಜೊತೆ ಬಂದ ತಂತಿಯೇ ಸಾಕು.

ತಂತಿ ಬದಲಾದ ಮೇಲೂ ಬಾಕ್ಸ್ ಮೆನುವಿಗೆ ಹೋಗಬೇಕಾಯಿತು. ಅಲ್ಲಿ ಚಿತ್ರದ ಅಳತೆ 576ರಲ್ಲಿಯೇ ಉಳಿದಿತ್ತು, ಅದನ್ನು 1080ಐ ಎಂದು ಬದಲಿಸಿದೆ. ಆ ‘ಐ’ ಎಂದರೆ, ಒಂದು ಸಲಕ್ಕೆ ಬೆಸ ಗೆರೆಗಳು, ಮರುಸಲಕ್ಕೆ ಸಮ ಗೆರೆಗಳು, ಹೀಗೆ ಸೆಕೆಂಡಿಗೆ ಐವತ್ತು ಅರೆಚಿತ್ರಗಳು ಬರುತ್ತವೆ ಎಂದರ್ಥ. ಅವನ್ನು ಹೆಣೆದು ಪೂರ್ಣ ಚಿತ್ರ ಮಾಡುವುದು ಟೀವಿಯ ಕೆಲಸ. ಜೊತೆಗೆ ಅಗಲ ಎತ್ತರಗಳ ಅನುಪಾತ 4:3 ಎಂದಿದ್ದರೆ 16:9 ಮಾಡಿ. ಟೀವಿಯ ಮೆನುವಿನಲ್ಲಿಯೂ ಚಿತ್ರದ ಅಂಚನ್ನು ಕತ್ತರಿಸಿ ಹಿಗ್ಗಿಸುವ ಅಭ್ಯಾಸ ಹಳೆಯ ಕಾಲದಿಂದ ಉಳಿದು ಬಂದಿದೆ. ‘ಜಸ್ಟ್ ಸ್ಕ್ಯಾನ್’, ‘ಸ್ಕ್ರೀನ್ ಫಿಟ್’ ಎಂಬಂಥ ಆಯ್ಕೆ ಅದನ್ನು ನಿಲ್ಲಿಸುತ್ತದೆ. ಅಂಗಡಿಯ ಝಗಮಗ ಬೆಳಕಿನಲ್ಲಿ ಎದ್ದು ಕಾಣಲೆಂದು ಇಟ್ಟ ‘ವಿವಿಡ್’ ಬಣ್ಣವನ್ನು ಮನೆಯಲ್ಲಿ ‘ಸ್ಟ್ಯಾಂಡರ್ಡ್’ಗೋ ‘ಸಿನಿಮಾ’ಕ್ಕೋ ಇಳಿಸಿ. ಆ ಸಂಜೆ ಕಿರೀಟದ ಮುತ್ತುಗಳು ಒಂದೊಂದಾಗಿ ಬೇರ್ಪಟ್ಟವು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಇಷ್ಟು ದಿನ ಅದರಲ್ಲಿ ಕನ್ನಡಿ ಚೂರು ಕೂರಿಸಿದ್ದೇ ಕಂಡಿರಲಿಲ್ಲ” ಎಂದಳು.

ಟೀವಿಯನ್ನು ನಾನು ಇಷ್ಟು ಕೊನೆಗೆ ತಂದದ್ದು ಉದ್ದೇಶಪೂರ್ವಕ. ‘ಎಚ್‌ಡಿ ರೆಡಿ’ ಎಂಬ ಚೀಟಿಯ ಟೀವಿಯಲ್ಲಿ ಸಾಮಾನ್ಯವಾಗಿ 1366 ಅಡ್ಡ, 768 ಉದ್ದ ಬಿಂದುಗಳಿರುತ್ತವೆ, ‘ಫುಲ್ ಎಚ್‌ಡಿ’ಯಲ್ಲಿ 1920, 1080, ‘4ಕೆ’ಯಲ್ಲಿ 3840, 2160. ಯಾವುದು ಬೇಕು ಎನ್ನುವುದನ್ನು ನಿರ್ಧರಿಸುವುದು ನಿಮ್ಮ ಕುರ್ಚಿಯ ದೂರ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಅಂತರದ ಎರಡು ಬಿಂದುಗಳನ್ನು ಬೇರೆಬೇರೆಯಾಗಿ ಗುರುತಿಸುತ್ತದೆ. ಈ ಲೆಕ್ಕದಲ್ಲಿ 1080 ಗೆರೆಗಳ ಪೂರ್ಣ ವಿವರ ಕಾಣಬೇಕಾದರೆ ತೆರೆಯ ಎತ್ತರದ ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚಿನ ದೂರದೊಳಗೆ ಕೂರಬೇಕು. 43 ಇಂಚಿನ ಟೀವಿಗೆ ಅದು ಸುಮಾರು ಐದೂವರೆ ಅಡಿ. ಹತ್ತೂವರೆ ಅಡಿಗೆ ಹೋದರೆ ಲೆಕ್ಕದ ಪ್ರಕಾರ ಕಣ್ಣು ಹಿಡಿಯುವುದು 576 ಗೆರೆಗಳಷ್ಟನ್ನೇ. ಅಲ್ಲಿಂದಲೂ ಎಚ್‌ಡಿ ವಾಹಿನಿ ಚೆನ್ನಾಗಿ ಕಾಣುವುದುಂಟು, ಏಕೆಂದರೆ ಸಾಮಾನ್ಯ ವಾಹಿನಿಗಳನ್ನು ಜಾಗ ಉಳಿಸಲು ಬಹಳ ಹಿಂಡಿ ಕಳುಹಿಸುತ್ತಾರೆ. ಆದರೆ ಹನ್ನೆರಡು ಅಡಿ ದೂರದ ಬೆಂಚಿನಿಂದ 32 ಇಂಚಿನ ಟೀವಿ ನೋಡುವವರು ಫುಲ್ ಎಚ್‌ಡಿಗೋ 4ಕೆಗೋ ಹೆಚ್ಚು ಕೊಡುವುದು ಕಾಣದ ಬಿಂದುಗಳಿಗೆ ತೆತ್ತ ಹಣ. ಅಂಗಡಿಗೆ ಹೋಗುವ ಮುನ್ನ ಟೇಪು ಹಿಡಿದು ಗೋಡೆಯಿಂದ ಕುರ್ಚಿಗೆ ಅಳೆಯಿರಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಅಳೆದವರು ತೀರಾ ಕಡಿಮೆ.

ಇಂಟರ್‌ನೆಟ್ ಮೂಲಕ ನೋಡುವವರ ಕಾಲುವೆ ಬೇರೆ. ಫುಲ್ ಎಚ್‌ಡಿಗೆ ಸೆಕೆಂಡಿಗೆ 5 ಮೆಗಾಬಿಟ್ ವೇಗ ನಿರಂತರವಾಗಿ ಸಿಗಬೇಕು, ಗಂಟೆಗೆ ಎರಡು ಜಿಬಿಗಿಂತ ಹೆಚ್ಚು ಡೇಟಾ ಖರ್ಚಾಗುತ್ತದೆ. ಫೈಬರ್ ಸಂಪರ್ಕ ಇದ್ದೂ ಚಿತ್ರ ಮಸುಕಾಗುತ್ತಿದ್ದರೆ ರೌಟರ್ ಎಷ್ಟು ಗೋಡೆಗಳಾಚೆ ಇದೆ ನೋಡಿ. ಸಾಧ್ಯವಾದರೆ ಟೀವಿಗೆ ಲ್ಯಾನ್ ತಂತಿಯನ್ನೇ ಎಳೆಯಿರಿ. ಇನ್ನೊಂದು ಗುಪ್ತ ತೂಬು ಇಲ್ಲಿದೆ. ಅಗ್ಗದ ಕೆಲವು ಆಂಡ್ರಾಯ್ಡ್ ಬಾಕ್ಸ್‌ಗಳಿಗೆ ನಕಲು ತಡೆಯುವ ವೈಡ್‌ವೈನ್ ವ್ಯವಸ್ಥೆಯ ಎಲ್1 ಎಂಬ ಮೇಲ್ದರ್ಜೆಯ ಪ್ರಮಾಣ ಇರುವುದಿಲ್ಲ. ಆಗ ಎಷ್ಟೇ ವೇಗವಿದ್ದರೂ ಹಲವು ಚಲನಚಿತ್ರ ಆ್ಯಪ್‌ಗಳು ಕೆಳದರ್ಜೆಯ ಚಿತ್ರವನ್ನೇ ಕೊಡುತ್ತವೆ. ಕೊಳ್ಳುವ ಮುನ್ನ ಕೇಳಿ.

ಧ್ವನಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ತೆಳು ಟೀವಿಗಳ ಸ್ಪೀಕರುಗಳು ಚಿಕ್ಕವು, ಬಹುಪಾಲು ನೆಲದ ಕಡೆ ಮುಖ ಮಾಡಿರುವಂಥವು. ಮಾತು ಸ್ಪಷ್ಟವಾಗದಿದ್ದರೆ ಎಆರ್‌ಸಿ ಎಂದು ಬರೆದಿರುವ, ಟೀವಿಯ ಧ್ವನಿಯನ್ನು ಹೊರಗೆ ಕಳುಹಿಸಬಲ್ಲ ಎಚ್‌ಡಿಎಂಐ ಕಿಂಡಿಗೆ ಒಂದು ಸಾಧಾರಣ ಸೌಂಡ್‌ಬಾರ್ ಸಾಕು. ಸ್ಟೆಬಿಲೈಸರ್ ಬೇಕೇ ಎಂದು ಮುಂದಿನ ಸಾಲಿನಿಂದ ಚೀಟಿ ಬಂದಿದೆ. ಟೀವಿಯ ಹಿಂದೆ 100ರಿಂದ 240 ವೋಲ್ಟ್ ಎಂದು ಬರೆದಿದ್ದರೆ ವೋಲ್ಟೇಜ್ ಇಳಿತಕ್ಕೆ ಅದು ಬೇಕಿಲ್ಲ, ಒಳ್ಳೆಯ ಸ್ಪೈಕ್ ಗಾರ್ಡ್ ಇರಲಿ. ವೋಲ್ಟೇಜ್ ಆಗಾಗ ಮಿತಿ ಮೀರಿ ಏರುವ ಊರಾದರೆ ಮಾತ್ರ ಬೇರೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಪ್ಲಗ್ ಕಿತ್ತರೆ ಸಾಲದು, ಡಿಶ್ ತಂತಿಯನ್ನೂ ಬಾಕ್ಸ್‌ನಿಂದ ಬಿಚ್ಚಿಡಬೇಕು. ಮಲೆನಾಡಿನಲ್ಲಿ ಬಾಕ್ಸ್‌ಗಳು ಸುಡುವುದು ಹೆಚ್ಚಾಗಿ ಆ ದಾರಿಯಿಂದಲೇ. ಆದರೆ ಗುಡುಗು ಶುರುವಾದ ಮೇಲೆ ತಂತಿ ಮುಟ್ಟಲು ಹೋಗಬೇಡಿ; ಮೋಡ ಕವಿದಾಗಲೇ ಬಿಚ್ಚಿ.

ಸಂಕ್ರಾಂತಿಗೆ ನಾನು ಮತ್ತೆ ಅಕ್ಕನ ಮನೆಗೆ ಹೋದೆ. ಹೊಸ ತಿರುಪು ಭದ್ರವಾಗಿತ್ತು, ಎಚ್‌ಡಿಎಂಐ ತಂತಿ ಇದ್ದಲ್ಲೇ ಇತ್ತು, ಮೆನುವಿನಲ್ಲಿ 1080ಐ ಹಾಗೆಯೇ ಇತ್ತು. ಆದರೂ ಅಕ್ಕ ನೋಡುತ್ತಿದ್ದ ಧಾರಾವಾಹಿ ಮಸುಕಾಗಿತ್ತು. ರಿಮೋಟಿನ ‘ಇನ್ಫೋ’ ಗುಂಡಿ ಒತ್ತಿದಾಗ ಕಾರಣ ತಿಳಿಯಿತು. ಅವಳ ಬೆರಳಿಗೆ ವರ್ಷಗಳಿಂದ ರೂಢಿಯಾದದ್ದು ಹಳೆಯ ವಾಹಿನಿಯ ಸಂಖ್ಯೆ. ನೋಡದೆಯೇ ಒತ್ತುತ್ತಿದ್ದಳು, ಎಚ್‌ಡಿಯ ಸಂಖ್ಯೆ ಬೇರೆ ಎಂಬುದು ಆ ಬೆರಳಿಗೆ ಗೊತ್ತಿರಲಿಲ್ಲ. ಎಚ್‌ಡಿ ವಾಹಿನಿಗಳನ್ನಷ್ಟೇ ಆರಿಸಿ ‘ಫೇವರಿಟ್’ ಪಟ್ಟಿಗೆ ಸೇರಿಸಿಕೊಟ್ಟೆ. ಭಾವ ಅಷ್ಟಕ್ಕೇ ಬಿಡದೆ ಪಂಚಾಂಗದ ಹಿಂಬದಿಯ ಹಾಳೆ ಹರಿದು, ನಾಲ್ಕು ಸಂಖ್ಯೆಗಳನ್ನು ದಪ್ಪಕ್ಷರದಲ್ಲಿ ಬರೆದು, ರಿಮೋಟಿನ ಬೆನ್ನಿಗೆ ಅಂಟಿಸಿದರು.